ಸಾಲ್ಮಿಯಾದಲ್ಲಿ ಕೇಳಿದ ಹದಿನೆಂಟು ದೊರೆಗಳ ಕಥೆ

ಹೊರಡುವ ಮೊದಲು

ಇದು ಆಗುವ ಮಾತಲ್ಲ ಎಂದವರು ಲಾದ್ರು ಮಾಮ್, ನನ್ನ ತಾಯಿಯ ಅಣ್ಣ. ಆಗ ನಾನು ಹಗಲಿಗೆ ಗೇರುಬೀಜದ ಕಾರ್ಖಾನೆಯಲ್ಲಿ ಕೂತು ಬಿಳಿ ಬೀಜ, ಕಂದು ಬೀಜ, ತುಂಡು ಎಂದು ಬೇರೆ ಮಾಡುತ್ತಿದ್ದೆ. ಸಂಜೆ ಮನೆಗೆ ಬಂದು ಅಂಚೆ ತೆರಪಿನ ಬಿ.ಎ. ಪುಸ್ತಕ ಬಿಡಿಸುತ್ತಿದ್ದೆ. ಮಾಮ್ ನಮ್ಮ ಜಗಲಿಯಲ್ಲಿ ಕೂತು, ನನಗೆ ಕೇಳಿಸಲಿ ಎಂದೇ ತಾಯಿಗೆ ಹೇಳಿದರು: “ಬಿಳಿ ಯಾವುದು ತುಂಡು ಯಾವುದು ಅಂತ ಇವಳಿಗೆ ಗೊತ್ತುಂಟಲ್ಲ, ಅಷ್ಟು ಸಾಕು. ಬಿ.ಎ., ಎಂ.ಎ. ಎಲ್ಲ ನಮ್ಮ ಪೈಕಿಯವರಿಗೆ ಆಗ್ಲಿಕ್ಕಿಲ್ಲ ಮಾರಾಯ್ತಿ. ಇವಳು ಪಾಸಾದ ದಿನ ಹೇಳು, ನಾನೇ ಬಂದು ನಿಮ್ಮ ಅಂಗಳ ಗುಡಿಸ್ತೇನೆ.”

ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದು ಮೂರನೇ ಸಲಕ್ಕೆ ಬಿ.ಎ. ಆಯಿತು. ಅಂಗಳ ನಾನೇ ಗುಡಿಸಿದೆ. ಕಾರ್ಖಾನೆ ಬಿಟ್ಟು ಒಂದು ಶಾಲೆಯಲ್ಲಿ ಅಟೆಂಡರ್ ಆದೆ. ಗಂಟೆ ಹೊಡೆಯುವುದು, ಫೈಲು ಸಾಗಿಸುವುದು, ಟೀಚರ್‌ಗಳಿಗೆ ಚಾ ತರುವುದು. ಹಾಗೆ ಇರುತ್ತಲೇ ಚರಿತ್ರೆಯ ಎಂ.ಎ.ಗೂ ಅಂಚೆ ತೆರಪಿನಲ್ಲೇ ಹೆಸರು ಕೊಟ್ಟೆ.

ಕೊನೆಯ ವರ್ಷ ಒಂದು ಕಿರುಪ್ರಬಂಧ ಬರೆಯಬೇಕಿತ್ತು. ಆಗ್ನೇಯ ಏಷ್ಯಾದ ಚರಿತ್ರೆಯ ಪೇಪರಿನಲ್ಲಿ ನನ್ನ ಜೊತೆಯವರೆಲ್ಲ ಚಂಪಾ ರಾಜ್ಯ ಹಿಡಿದರು. ಅಲ್ಲಿ ಸಂಸ್ಕೃತ ಶಾಸನ ಉಂಟು, ಶಿವಾಲಯ ಉಂಟು, ಬರೆಯುವುದು ಸುಲಭ. ನಾನು ಅದರ ಉತ್ತರಕ್ಕೆ ಹೋದೆ. ವಿಯೆಟ್ನಾಮಿನವರು ತಮ್ಮ ಮೊದಲ ರಾಜ್ಯವೆಂದು ಹೇಳುವ ವಾನ್ ಲಾಂಗ್‌ನ ಬಗ್ಗೆ ನಮ್ಮ ನೋಟ್ಸಿನಲ್ಲಿ ಇದ್ದದ್ದು ಇಷ್ಟೇ: ಹುಂಗ್ ಎಂಬ ಹೆಸರಿನ ಹದಿನೆಂಟು ದೊರೆಗಳು ಎರಡು ಸಾವಿರದ ಆರುನೂರು ವರ್ಷ ಆಳಿದರೆಂದು ಐತಿಹ್ಯ, ಇದಕ್ಕೆ ಆಧಾರವಿಲ್ಲ. ನಾನು ಲೆಕ್ಕ ಮಾಡಿದೆ. ಒಬ್ಬೊಬ್ಬ ದೊರೆಯ ಪಾಲಿಗೆ ನೂರನಲವತ್ತು ವರ್ಷಕ್ಕಿಂತ ಹೆಚ್ಚು ಬಂತು. ನಗು ಬಂತು. ಆದರೆ ‘ಆಧಾರವಿಲ್ಲ’ ಎಂಬ ಮಾತು ನನ್ನನ್ನು ಬಿಡಲಿಲ್ಲ. ನಮ್ಮ ಮನೆತನಕ್ಕೂ ಆಧಾರವಿಲ್ಲ. ಅಜ್ಜನ ಅಪ್ಪ ಯಾರು ಎಂದು ಕೇಳಿದರೆ ನನ್ನ ತಾಯಿ ಗುಡ್ಡದ ಕಡೆ ಕೈ ತೋರಿಸುತ್ತಾಳೆ. ಹಾಗೆಂದು ಅವನು ಇರಲಿಲ್ಲವೇ?

ಮಾರ್ಗದರ್ಶಕರು ಮಾತ್ರ ಒಪ್ಪಲಿಲ್ಲ. “ಮಂಗಳೂರಲ್ಲಿ ವಿಯೆಟ್ನಾಮಿನವರು ಎಲ್ಲಿ ಸಿಗ್ತಾರಮ್ಮ ನಿಮಗೆ? ಪುಸ್ತಕ ನೋಡಿ ಪುಸ್ತಕ ಬರೆದ್ರೆ ಪಾಸ್ ಮಾಡುದಿಲ್ಲ. ಒಬ್ಬರಾದ್ರೂ ಬಾಯಿಂದ ಹೇಳಿದ್ದು ಬೇಕು.” ವಿಷಯ ಬದಲಿಸುವುದೆಂದು ನಾನು ತೀರ್ಮಾನಿಸಿದ್ದೆ. ಅಷ್ಟರಲ್ಲಿ ಕುವೈತಿನಿಂದ ಫೋನ್ ಬಂತು. ನನ್ನ ತಾಯಿಯ ತಂಗಿ, ಸೆವ್ರಿನ್ ಮಾವ್ಶಿ, ತಾನು ಕೆಲಸ ಮಾಡುವ ಕ್ಲಿನಿಕ್ಕಿನ ಒದ್ದೆ ನೆಲದಲ್ಲಿ ಜಾರಿ ಬಲಗೈಯ ಮಣಿಕಟ್ಟು ಮುರಿದುಕೊಂಡಿದ್ದಳು. ನೋಡಿಕೊಳ್ಳಲು ಯಾರೂ ಇಲ್ಲ. ಅಲ್ಲಿನ ಡಾಕ್ಟರಮ್ಮ ಹೇಗೋ ಓಡಾಡಿ ನನಗೊಂದು ತಿಂಗಳ ವಿಸಿಟ್ ವೀಸಾ ಮಾಡಿಸಿದರು. ನಮ್ಮ ಮನೆಯಿಂದ ವಿಮಾನ ಹತ್ತಿದ ಎರಡನೆಯವಳು ನಾನು. ಪ್ರವಾಸ ಎಂದು ಹೊರಟವಳಲ್ಲ. ಅನ್ನ ಬೇಯಿಸಿ ಕೊಡಲು ಹೊರಟವಳು.

ಸಾಲ್ಮಿಯಾ, ಮೂರನೇ ಮಾಳಿಗೆ

ಕುವೈತ್ ಎಂದರೆ ನಾನು ಸಮುದ್ರವೆಂದುಕೊಂಡಿದ್ದೆ. ಸಾಲ್ಮಿಯಾದಲ್ಲಿ ಸಮುದ್ರ ಇರುವುದು ಹೌದು, ಆದರೆ ಮಾವ್ಶಿಯ ಫ್ಲಾಟಿನಿಂದ ಕಾಣುವುದು ಎದುರು ಕಟ್ಟಡದ ಏಸಿ ಪೆಟ್ಟಿಗೆಗಳು ಮಾತ್ರ. ಒಂದೊಂದರಿಂದಲೂ ನೀರು ತೊಟ್ಟಿಕ್ಕುತ್ತದೆ. ಮೊದಲ ಬೆಳಿಗ್ಗೆ ಆ ಸದ್ದಿಗೆ ಎದ್ದು, ಮಳೆ ಎಂದುಕೊಂಡು ಬಟ್ಟೆ ತೆಗೆಯಲು ಓಡಿದೆ. ಮಾವ್ಶಿ ಹಾಸಿಗೆಯಲ್ಲೇ ನಕ್ಕಳು. “ಇಲ್ಲಿ ಆಕಾಶ ಬೆವರುವುದಿಲ್ಲ ಜೆಸ್ಸಿ, ಮಿಷಿನ್ ಮಾತ್ರ.”

ಎರಡು ಕೋಣೆ, ಒಂದು ಹಾಲ್. ಒಂದು ಕೋಣೆಯಲ್ಲಿ ಕೇರಳದ ಇಬ್ಬರು ನರ್ಸುಗಳು, ಇನ್ನೊಂದರಲ್ಲಿ ಮಾವ್ಶಿ. ಹಾಲಿನ ಮೂಲೆಯಲ್ಲಿ ಹಳೆಯ ಸೀರೆಯೊಂದನ್ನು ಪರದೆಯಂತೆ ಕಟ್ಟಿತ್ತು. ಅದರ ಹಿಂದೆ ಒಂದು ಚಾಪೆ, ಒಂದು ಬ್ಯಾಗು, ಗೋಡೆಗೆ ಅಂಟಿಸಿದ ಕ್ಯಾಲೆಂಡರ್ ಹಾಳೆ. ಸಂಜೆ ಅದರ ಹಿಂದಿನಿಂದ ನಲವತ್ತರ ಆಸುಪಾಸಿನ, ಗಿಡ್ಡನೆಯ ಹೆಂಗಸೊಬ್ಬಳು ಹೊರಬಂದು ನನಗೆ ಎರಡೂ ಕೈಯಿಂದ ಚಾದ ಲೋಟ ಕೊಟ್ಟಳು.

“ಇವಳು ಲಿಯೆನ್,” ಎಂದಳು ಮಾವ್ಶಿ. “ಫಿಲಿಪ್ಪೀನ್ ಅಲ್ಲ, ವಿಯೆಟ್ನಾಂ.”

ಮಂಗಳೂರಿನಲ್ಲಿ ಸಿಗದವರು ಇಲ್ಲಿ ನನಗೆ ಚಾ ಕೊಡುತ್ತಿದ್ದರು. (ಲಿಯೆನ್ ಎಂಬುದು ಅವಳ ನಿಜವಾದ ಹೆಸರಲ್ಲ. ಈಗ ಅಷ್ಟು ಬುದ್ಧಿ ಬಂದಿದೆ.)

ಅವಳು ಸ್ನಾನಕ್ಕೆ ಹೋದಾಗ ಮಾವ್ಶಿ ಹತ್ತಿರ ಕರೆದಳು. ಲಿಯೆನ್ ಒಂದು ದೊಡ್ಡ ಮನೆಯಲ್ಲಿ ಮನೆಗೆಲಸಕ್ಕೆಂದು ಬಂದವಳು. ಅಲ್ಲಿ ಇರಲಾರದೆ ಓಡಿಬಂದಿದ್ದಳು. ಪಾಸ್‌ಪೋರ್ಟ್ ಕಫೀಲನ ಕೈಯಲ್ಲಿ, ಅಂದರೆ ಅವಳನ್ನು ಕರೆಸಿಕೊಂಡ ಯಜಮಾನನ ಕೈಯಲ್ಲಿ. ಇಕಾಮಾ, ಇಲ್ಲಿ ಇರಲು ಬೇಕಾದ ಪರವಾನಗಿ, ರದ್ದಾಗಿತ್ತು. ಇಗರ್ಜಿಯ ಮೆಟ್ಟಿಲಲ್ಲಿ ಅಳುತ್ತಾ ಕೂತವಳನ್ನು ಮಾವ್ಶಿ ಕರೆದುಕೊಂಡು ಬಂದು ಏಳು ತಿಂಗಳಾಗಿತ್ತು. ನಾಲ್ಕಾರು ಮನೆಗಳಲ್ಲಿ ಗಂಟೆ ಲೆಕ್ಕಕ್ಕೆ ಗುಡಿಸಿ ಒರೆಸಿ ಬರುತ್ತಿದ್ದಳು.

“ಇವಳು ಇಲ್ಲಿದ್ದಾಳೆ ಅಂತ ಹೊರಗೆ ಒಂದು ಇರುವೆಗೂ ಗೊತ್ತಾಗ್ಬಾರ್ದು,” ಎಂದಳು ಮಾವ್ಶಿ. “ಹಿಡಿದ್ರೆ ಅವಳು ಜೈಲಿಗೆ. ನಾನು ಊರಿಗೆ. ತಿಳೀತಾ?”

“ತಿಳೀತು ಮಾವ್ಶಿ,” ಎಂದೆ. ನಿಜವಾಗಿಯೂ ತಿಳಿದಿತ್ತು. ಅದನ್ನು ಇಲ್ಲೇ ಬರೆದಿಡುತ್ತೇನೆ.

ಮೊದಲ ಶುಕ್ರವಾರ

ಕುವೈತಿನಲ್ಲಿ ವಾರದ ರಜೆ ಶುಕ್ರವಾರ. ಆದಿತ್ಯವಾರದ ಪೂಜೆಯನ್ನೂ ಜನ ಅಂದೇ ಮುಗಿಸುತ್ತಾರೆ. ಸಿಟಿಯ ಇಗರ್ಜಿಗೆ ಬಸ್ಸಿನಲ್ಲಿ ಹೋದೆವು. ಒಂದು ಮೂಲೆಯಲ್ಲಿ ಕೊಂಕಣಿ, ಇನ್ನೊಂದರಲ್ಲಿ ಮಲಯಾಳ, ಅಂಗಳದಲ್ಲಿ ಫಿಲಿಪ್ಪೀನಿನವರ ಹಾಡು. ನಮ್ಮ ಊರಿನಲ್ಲಿ ಮೂರು ವಾಡೆಯ (ಕೇರಿಯ) ಜನ ಒಂದೇ ಇಗರ್ಜಿಯಲ್ಲಿ ಸೇರಿ ನಡೆಯಲಾರರು. ಇಲ್ಲಿ ಇಡೀ ಲೋಕ ಒಂದೇ ಕಾಂಪೌಂಡಿನಲ್ಲಿ ಚಪ್ಪಲಿ ತುಳಿದುಕೊಂಡು ನಿಂತಿತ್ತು.

ಲಿಯೆನ್ ಕ್ರಿಸ್ತುವರ ಪೈಕಿಯವಳಲ್ಲ. ಕಾಗದ ಕೇಳದ ಜಾಗ ಇದೊಂದೇ ಎಂದು ಬರುತ್ತಿದ್ದಳು. ಬಂದವಳು ಸುಮ್ಮನಿರದೆ ಮಾತೆಯ ಪ್ರತಿಮೆಯ ಎದುರು ಮೂರು ಊದುಬತ್ತಿ ಹಚ್ಚಿ ಮೂರು ಸಲ ಬಾಗಿದಳು. ಸ್ವಯಂಸೇವಕರೊಬ್ಬರು ಓಡಿಬಂದು ಆರಿಸಲು ಹೇಳಿದರು.

“ಇರ್ಲಿ ಬಿಡಿ ಸರ್,” ಎಂದಳು ಮಾವ್ಶಿ ಕೈಯ ಬ್ಯಾಂಡೇಜು ಮುಂದೆ ಹಿಡಿದು. “ಮಾತೆಗೂ ಮೂಗು ಉಂಟು.”

ಆಮೇಲೆ ಹೊರಗೆ ಗೋಡೆಯ ನೆರಳಿನಲ್ಲಿ ಕೂತೆವು. ಅಲ್ಲಿ ಒಂದು ಮನೆಯ ಗೇಟಿನ ಪಕ್ಕ ಸ್ಟೀಲಿನ ನೀರಿನ ಪೆಟ್ಟಿಗೆ ಇತ್ತು. ಇಲ್ಲಿನವರು ತೀರಿಹೋದ ಅಪ್ಪ ಅಮ್ಮನ ಹೆಸರಿನಲ್ಲಿ ದಾರಿಯಲ್ಲಿ ಹೋಗುವವರಿಗೆ ತಣ್ಣೀರು ಇಡುತ್ತಾರೆ. ನಮ್ಮ ಕಡೆಯ ಅರವಟ್ಟಿಗೆಯ ಹಾಗೆ; ಆದರೆ ಕರೆಂಟಿನದ್ದು. ಯಾರು ಕುಡಿದರೂ ಯಾರೂ ಕೇಳುವುದಿಲ್ಲ. ಲಿಯೆನ್ ಮೂರು ಲೋಟ ತುಂಬಿ ತಂದಳು. ನಾನು ನೋಟ್‌ಬುಕ್ ತೆಗೆದು ಹುಂಗ್ ದೊರೆಗಳ ಬಗ್ಗೆ ಕೇಳಿದೆ.

ಅವಳು ನನ್ನನ್ನೇ ನೋಡಿದಳು. “ನಿನಗೆ ಹೇಗೆ ಗೊತ್ತು ನಮ್ಮ ಅಜ್ಜಂದಿರು?”

ಫೂ ಥೋ ಎಂಬ ಕಡೆಯವಳು ಅವಳು. ದೊರೆಗಳ ಗುಡಿ ಇರುವ ಬೆಟ್ಟ ಅವಳ ಊರಿನಿಂದ ಸೈಕಲ್ಲಿನ ದೂರ. ಇಂಗ್ಲಿಷ್, ಅರಬ್ಬಿ, ಹಿಂದಿ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿ ಮಾತಾಡುತ್ತಿದ್ದಳು. ಸಿಕ್ಕದ ಮಾತನ್ನು ಕೈಯಿಂದ ಮಾಡಿ ತೋರಿಸುತ್ತಿದ್ದಳು. ನನ್ನ ಕನ್ನಡದಲ್ಲಿ ಅದು ಹೀಗೆ: ನೀರಿನ ದೊರೆ ಲಾಕ್ ಲಾಂಗ್ ಕ್ವಾನ್ ಡ್ರ್ಯಾಗನ್ ಕುಲದವನು. ಅವನ ಹೆಂಡತಿ ಔ ಕೋ ಬೆಟ್ಟದ ಅಪ್ಸರೆ. ಅವಳು ಹೆತ್ತದ್ದು ಮಗುವನ್ನಲ್ಲ, ಒಂದು ಚೀಲ. ಚೀಲದಲ್ಲಿ ನೂರು ಮೊಟ್ಟೆ. ಮೊಟ್ಟೆ ಒಡೆದು ನೂರು ಗಂಡುಮಕ್ಕಳು.

“ಮತ್ತೆ ಗಂಡ ಹೇಳಿದ,” ಎಂದಳು ಲಿಯೆನ್, “ನಾನು ವಾಟರ್, ನೀನು ಮೌಂಟನ್. ಲವ್ ಉಂಟು. ಒಂದು ಮನೆ ಮಾಫಿ.” ಮಾಫಿ ಎಂದರೆ ಇಲ್ಲ ಎಂದರ್ಥ, ಕುವೈತಿಗೆ ಬಂದವರು ಮೊದಲು ಕಲಿಯುವ ಮಾತು. “ಐವತ್ತು ಮಕ್ಕಳು ಅಪ್ಪನ ಜೊತೆ ಸಮುದ್ರಕ್ಕೆ. ಐವತ್ತು ಅಮ್ಮನ ಜೊತೆ ಬೆಟ್ಟಕ್ಕೆ. ದೊಡ್ಡ ಮಗ ಕಿಂಗ್ ಆದ. ಅವನೇ ಮೊದಲ ಹುಂಗ್. ಅದೇ ವಾನ್ ಲಾಂಗ್.”

“ನಮ್ಮ ಊರಿನ ಕಥೆಯ ಹಾಗೇ ಉಂಟು ಮಾರಾಯ್ತಿ,” ಎಂದಳು ಮಾವ್ಶಿ. “ಅಪ್ಪಂದಿರೆಲ್ಲ ಸಮುದ್ರ ದಾಟಿ ಗಲ್ಫಿಗೆ. ಮಕ್ಕಳು ಅಮ್ಮನ ಹತ್ತಿರ.”

“ನನ್ನದು ಎರಡೇ ಮೊಟ್ಟೆ,” ಎಂದಳು ಲಿಯೆನ್. “ಹುಡುಗ ಗಂಡನ ಜೊತೆ, ದಕ್ಷಿಣದಲ್ಲಿ, ದೋಣಿಯಲ್ಲಿ. ಹುಡುಗಿ ನನ್ನ ಅಮ್ಮನ ಜೊತೆ ಬೆಟ್ಟದಲ್ಲಿ. ನಾನು—” ಅವಳು ಸುತ್ತ ನೋಡಿದಳು. ಬೆಟ್ಟವೂ ಇಲ್ಲದ, ಸಮುದ್ರವೂ ಕಾಣದ ಬೀದಿ. ನಕ್ಕಳು. “ನಾನು ಸಾಲ್ಮಿಯಾ.”

ಹದಿನೆಂಟು ಜನ ಎರಡು ಸಾವಿರದ ಆರುನೂರು ವರ್ಷ ಹೇಗೆ ಆಳಿದರು ಎಂದು ಕೇಳದೆ ಇರಲು ನನ್ನಿಂದಾಗಲಿಲ್ಲ. ಎಂ.ಎ. ಓದುವವಳಲ್ಲವೇ. ಅವಳು ಸ್ವಲ್ಪವೂ ತಡವರಿಸಲಿಲ್ಲ. “ಹದಿನೆಂಟು ಮನುಷ್ಯರಲ್ಲ, ಹದಿನೆಂಟು ಸಲ. ಒಂದೊಂದು ಸಲದಲ್ಲಿ ಎಷ್ಟೋ ಜನ. ಒಬ್ಬ ಸತ್ತ, ಅವನ ಮಗ ಹುಂಗ್. ಅವನು ಸತ್ತ, ಅವನ ಮಗನೂ ಹುಂಗ್. ಹೆಸರು ಸಾಯುವುದಿಲ್ಲ. ಸತ್ತವನು ಯಾರು ಅಂತ ಯಾರು ಎಣಿಸ್ತಾರೆ?”

ಇದು ನನ್ನ ನೋಟ್ಸಿನಲ್ಲಿ ಇರಲಿಲ್ಲ. ಆ ಸಂಜೆ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಅವರ ದನಿಯೇ ಬದಲಾಯಿತು. “ಒಳ್ಳೆದಾಯ್ತಲ್ಲಮ್ಮ! ಎಲ್ಲ ಬರ್ಕೊಳ್ಳಿ. ಕಥೆ ಹೇಳಿದವರ ವಿವರ ಪತ್ರ ಮರೀಬೇಡಿ. ಹೆಸರು, ಪ್ರಾಯ, ಹುಟ್ಟೂರು, ಉದ್ಯೋಗ, ಈಗಿನ ವಿಳಾಸ, ಫೋಟೋ, ಸಹಿ. ಟೈಪ್ ಮಾಡಿ ತನ್ನಿ. ಅದಿಲ್ಲದಿದ್ರೆ ಮೌಖಿಕ ಆಧಾರ ಅಂತ ಯಾರೂ ಒಪ್ಪುದಿಲ್ಲ.”

ಬಾಳೆಎಲೆಯ ದಿನ

ಚಾಂದ್ರಮಾನದ ಮೂರನೇ ತಿಂಗಳ ಹತ್ತನೇ ದಿನ ವಿಯೆಟ್ನಾಮಿನಲ್ಲಿ ಹುಂಗ್ ದೊರೆಗಳ ದಿನ. ಲಿಯೆನ್‌ಳ ಕ್ಯಾಲೆಂಡರ್ ಹಾಳೆ ಅದಕ್ಕೇ ಇದ್ದದ್ದು. ಆ ಸಲ ಅದು ಶುಕ್ರವಾರದ ಹತ್ತಿರ ಬಂದಿತ್ತು; ಆ ಶುಕ್ರವಾರವೇ ಮಾಡುವುದೆಂದಾಯಿತು. ನರ್ಸುಗಳು ಡ್ಯೂಟಿಗೆ ಹೋಗಿದ್ದರು. ಅವಳು ಅಡುಗೆಕೋಣೆ ಹಿಡಿದಳು.

ಮಾಡಿದ್ದು ಬಾನ್ ಚುಂಗ್ ಎಂಬ ಚೌಕದ ಕಡುಬು. ಅದಕ್ಕೆ ಅವರ ಕಾಡಿನ ಒಂದು ಎಲೆ ಬೇಕು. ಇಲ್ಲಿ ಎಲ್ಲಿಯದು? ಕೇರಳದವರ ಅಂಗಡಿಯಿಂದ ಬಾಳೆಎಲೆ ತಂದೆವು. ಬಾಡಿಸುವುದನ್ನು ಅವಳಿಗೆ ನಾನು ಕಲಿಸಿದೆ. ಗ್ಯಾಸಿನ ಉರಿಯ ಮೇಲೆ ಎಲೆಯನ್ನು ನಿಧಾನಕ್ಕೆ ಆಡಿಸಿದರೆ ಅದು ಬಟ್ಟೆಯ ಹಾಗೆ ಮಡಚುತ್ತದೆ. ನಮ್ಮಲ್ಲಿ ಮೂಡೆ, ಪತ್ತೋಳಿಯಂಥ ಕಡುಬುಗಳಿಗೆ ಎಲೆ ಸುತ್ತಿದವರಿಗೆ ಇದೇನೂ ಹೊಸದಲ್ಲ. ಅವಳು ಅಂಟಿನ ಅಕ್ಕಿಯ ನಡುವೆ ಹೆಸರುಬೇಳೆ ಇಟ್ಟಳು. ಆಮೇಲೆ ನಿಂತಳು.

“ಇಲ್ಲಿ ಒಳಗೆ ಹಂದಿ ಬೇಕು.”

ಮಾವ್ಶಿಯ ಮುಖ ನೋಡಬೇಕಿತ್ತು. ಕುವೈತಿನಲ್ಲಿ ಹಂದಿಮಾಂಸದ ಹೆಸರೆತ್ತುವಂತಿಲ್ಲ. “ನೋಡು ಜೆಸ್ಸಿ, ಇಲ್ಲಿಗೆ ಬಂದು ಹನ್ನೆರಡು ವರ್ಷ ಆಯ್ತು. ಹಂದಿ ಇಲ್ಲದ ಹಬ್ಬಕ್ಕೆ ನನ್ನಷ್ಟೇ ಅಳುವ ಒಬ್ಬಳು ಸಿಕ್ಕಿದ್ದು ಇದೇ ಮೊದಲು!” ಇಬ್ಬರೂ ಮುರಿದ ಕೈಯನ್ನೂ ಮರೆತು ತಬ್ಬಿಕೊಂಡು ನಕ್ಕರು. ಕೋಳಿ ಹಾಕಿದೆವು.

ಕಡುಬು ಬೇಯಲು ಇಡೀ ಹಗಲು ಹಿಡಿಯಿತು. ನೀರು ಬತ್ತಿದ ಹಾಗೆ ಮತ್ತೆ ಸುರಿಯುತ್ತಾ ಅವಳು ಅದರ ಕಥೆ ಹೇಳಿದಳು. ಆರನೆಯ ಹುಂಗ್ ದೊರೆಗೆ ಮುದಿತನ ಬಂತು. ಹಿರಿಯರಿಗೆ ಎಡೆಯಿಡಲು ಅತ್ಯಂತ ಅಪರೂಪದ್ದನ್ನು ತಂದ ಮಗನಿಗೆ ಪಟ್ಟ ಎಂದ. ಕೆಲವರು ಕಾಡಿಗೆ ಹೋದರು, ಕೆಲವರು ಸಮುದ್ರಕ್ಕೆ. ಲಾಂಗ್ ಲಿಯೂ ಎಂಬ ಒಬ್ಬ ಮಗ ಮಾತ್ರ ಬಡವ. ತಾಯಿ ಇಲ್ಲ, ಆಳುಕಾಳು ಇಲ್ಲ, ಹೊಲ ಮಾತ್ರ. ಅವನು ಅಕ್ಕಿಯಿಂದ ಭೂಮಿಯ ಹಾಗೆ ಚೌಕದ ಕಡುಬೊಂದು, ಆಕಾಶದ ಹಾಗೆ ದುಂಡಗಿನದೊಂದು ಮಾಡಿ ತಂದ. ಪಟ್ಟ ಅವನಿಗಾಯಿತು.

ಬೇರೆಯವರು ಹುಲಿ, ಮುತ್ತು ತರುವಾಗ ಅಕ್ಕಿ ಹಿಡಿದುಕೊಂಡು ನಿಂತವನ ಸ್ಥಿತಿ ನನಗೆ ಗೊತ್ತು. ಎಂ.ಎ.ಯ ಕಾಂಟ್ಯಾಕ್ಟ್ ಕ್ಲಾಸಿನಲ್ಲಿ ಲೆಕ್ಚರರ್‌ಗಳು, ವಕೀಲರ ನಡುವೆ ನಾನು ಹಾಗೆಯೇ ಕೂತಿದ್ದೆ. ಅದನ್ನು ಹೇಳಿದೆ. ಲಿಯೆನ್ ಕಡುಬಿನ ಮೇಲೆ ನೂಲು ಎಳೆದು ಸಮನಾಗಿ ಕತ್ತರಿಸುತ್ತಾ, “ಹಾಗಾದ್ರೆ ನಿನಗೆ ಪಟ್ಟ ಆಗ್ತದೆ. ನಾನು ಎಲ್ಲ ಹೇಳ್ತೇನೆ, ನೀನು ಎಲ್ಲ ಬರಿ,” ಎಂದಳು.

ಹದಿನೆಂಟನೆಯ ದೊರೆಯ ನಂತರದ್ದಕ್ಕೂ ಬಂದಳು. ವಾನ್ ಲಾಂಗ್ ಮುಗಿದು ಔ ಲಾಕ್ ಎಂಬ ರಾಜ್ಯ ಆಯಿತು. ಅದರ ದೊರೆ ಶಂಖದ ಹಾಗೆ ಸುತ್ತುಸುತ್ತಾದ ಕೋಟೆ ಕಟ್ಟಿದ. ಚಿನ್ನದ ಆಮೆಯೊಂದು ತನ್ನ ಉಗುರು ಕೊಟ್ಟಿತು. ಅದನ್ನು ಬಿಲ್ಲಿಗೆ ಹಾಕಿದರೆ ಒಂದೇ ಸಲಕ್ಕೆ ಸಾವಿರ ಬಾಣ. ಗೆಲ್ಲಲಾರದ ಶತ್ರು ತನ್ನ ಮಗನನ್ನು ಅಳಿಯನಾಗಿ ಕಳಿಸಿದ. ದೊರೆಯ ಮಗಳು ಮೀ ಚೌ ಗಂಡನಿಗೆ ಉಗುರನ್ನು ತೋರಿಸಿದಳು. ಅವನು ಅದನ್ನು ಕದ್ದು ಸುಳ್ಳಿನದ್ದನ್ನು ಇಟ್ಟು ಊರಿಗೆ ಹೊರಟ. ಹೊರಡುವಾಗ, ಯುದ್ಧ ಬಂದು ನಾವು ಬೇರೆಯಾದರೆ ನಿನ್ನನ್ನು ಹೇಗೆ ಹುಡುಕಲಿ ಎಂದು ಕೇಳಿದ. ನನ್ನ ಬಾತುಕೋಳಿ ಗರಿಯ ಅಂಗಿಯಿಂದ ಒಂದೊಂದೇ ಗರಿ ಕಿತ್ತು ದಾರಿಯಲ್ಲಿ ಹಾಕುತ್ತೇನೆ ಎಂದಳು ಅವಳು.

“ಯುದ್ಧ ಬಂತು. ಬಿಲ್ಲು ಕೆಲಸ ಮಾಡಲಿಲ್ಲ. ಅಪ್ಪ ಮಗಳನ್ನು ಕುದುರೆಯ ಹಿಂದೆ ಕೂರಿಸಿ ಓಡಿದ. ಅವಳು ಹಿಂದೆ ಕೂತು ಗರಿ ಕೀಳ್ತಾಳೆ, ಹಾಕ್ತಾಳೆ. ಕೀಳ್ತಾಳೆ, ಹಾಕ್ತಾಳೆ.” ಲಿಯೆನ್ ಗಡಿಯಾರ ನೋಡಿ ಎದ್ದಳು. ಒಂದು ಮನೆಯ ನೆಲ ಒರೆಸಲಿಕ್ಕಿತ್ತು. “ಉಳಿದದ್ದು ಬರುವ ಶುಕ್ರವಾರ.”

ಹೊರಡುವ ಮೊದಲು ವಿವರ ಪತ್ರಕ್ಕೆ ಸಹಿ ಹಾಕಿದಳು. ಬ್ಯಾಗಿನಿಂದ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ಹುಡುಕಿ ಕೊಟ್ಟಳು. ವಿಳಾಸದ ಜಾಗ ನಾನೇ ತುಂಬಿದೆ: ರಸ್ತೆ, ಕಟ್ಟಡ, ಮಾಳಿಗೆ, ಫ್ಲಾಟ್ ನಂಬರ್. ಒಂದನ್ನೂ ಬಿಡಲಿಲ್ಲ.

ಟೈಪಿಂಗ್ ಅಂಗಡಿ

ನಮ್ಮ ಕಟ್ಟಡದ ಕೆಳಗೆ ಟೈಪಿಂಗ್, ಜೆರಾಕ್ಸ್, ಫೋಟೋ ಎಲ್ಲ ಮಾಡುವ ಅಂಗಡಿ. ನಡೆಸುವವರು ಉಪ್ಪಿನಂಗಡಿ ಕಡೆಯ ಹಮೀದಾಕ. ಕನ್ನಡ ಕೇಳಿದ ಕೂಡಲೇ ಸ್ಟೂಲು ಎಳೆದು ಕೂರಿಸಿದರು.

“ಎಂ.ಎ. ಅಂತ ಹೇಳಿದ್ರಲ್ಲ, ಟೀಚರ್ ಅಲ್ವಾ ನೀವು?”

ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಪತ್ರ ಕೊಟ್ಟು, ಫೋಟೋ, ಸಹಿ ಎರಡನ್ನೂ ಸ್ಕ್ಯಾನ್ ಮಾಡಿ ಸೇರಿಸಲು ಹೇಳಿದೆ. ಅವರು ಟೈಪ್ ಮಾಡುತ್ತಾ ಮಾಡುತ್ತಾ ನಿಧಾನವಾದರು. “ಟೀಚರೇ, ಇದು ಯಾರಿಗೆ ಕೊಡ್ಲಿಕ್ಕೆ?”

“ಮಂಗಳೂರಿಗೆ. ಯೂನಿವರ್ಸಿಟಿಗೆ.”

“ಹಾಗಾದ್ರೆ ಮಂಗಳೂರಲ್ಲೇ ಟೈಪ್ ಮಾಡಿಸಬಹುದಿತ್ತಲ್ಲ,” ಎಂದರು ಮೆಲ್ಲಗೆ. ಅವರ ಮಾತಿನ ಅರ್ಥ ನನಗೆ ಆಗಲಿಲ್ಲ ಎಂದರೆ ಸುಳ್ಳಾದೀತು. ಆಗಿತ್ತು. ಆದರೆ ಕಾಗದವೆಂದರೆ ನನ್ನ ಬದುಕಿನಲ್ಲಿ ಒಳ್ಳೆಯದನ್ನೇ ಮಾಡಿದ ವಸ್ತು. ಮಾರ್ಕ್ಸ್ ಕಾರ್ಡ್, ಅರ್ಜಿ, ಹಾಲ್ ಟಿಕೆಟ್. ಒಂದೊಂದು ಕಾಗದವೂ ನನ್ನನ್ನು ಗೇರುಬೀಜದ ರಾಶಿಯಿಂದ ಒಂದಿಷ್ಟು ದೂರ ಎಳೆದು ತಂದಿತ್ತು. ಕಾಗದ ಪೂರ್ತಿ ತುಂಬಿದಷ್ಟೂ ಗೆದ್ದೆ ಎಂದು ಕಲಿತವಳು ನಾನು. ಅದೂ ಅಲ್ಲದೆ ಇದು ಮಂಗಳೂರಿನ ಕಾಗದ. ಕುವೈತಿಗೂ ಅದಕ್ಕೂ ಏನು?

ಹಾಳೆ ಮಿಷಿನ್ನಿನಿಂದ ಹೊರಬಂದಾಗ ಅದನ್ನು ಎತ್ತಿಕೊಂಡದ್ದು ನಾನಲ್ಲ. ಪಕ್ಕದಲ್ಲಿ ತನ್ನ ಜೆರಾಕ್ಸಿಗೆ ಕಾಯುತ್ತಿದ್ದ ನಮ್ಮ ಕಟ್ಟಡದ ಹಾರಿಸ್, ಈಜಿಪ್ಟಿನ ಮುದಿ ಕಾವಲುಗಾರ. ನನಗೆ ಕೊಡಲೆಂದೇ ಎತ್ತಿದ. ಫೋಟೋ ನೋಡಿದ. ಫ್ಲಾಟ್ ನಂಬರ್ ನೋಡಿದ. ಅವನಿಗೆ ಹರುಕು ಹಿಂದಿ ಬರುತ್ತಿತ್ತು.

“ಯೇ ಔರತ್ ತುಮ್ಹಾರಾ ಫ್ಲಾಟ್?”

ಹಮೀದಾಕ ಕೆಮ್ಮಿದರು. ನಾನು ಶಾಲೆಯಲ್ಲಿ ಕಲಿತ ಹಿಂದಿಯಲ್ಲಿ ನಿಂತುಕೊಂಡೇ ಉತ್ತರ ಕೊಟ್ಟೆ: ಹೌದು, ನಮ್ಮ ಫ್ಲಾಟಿನವಳೇ, ತನ್ನ ದೇಶದ ಹಳೆಯ ದೊರೆಗಳ ಕಥೆ ಹೇಳುತ್ತಾಳೆ, ನಾನು ಅದನ್ನು ಬರೆದು ಎಂ.ಎ. ಮಾಡುತ್ತೇನೆ.

“ಮಾಶಾ ಅಲ್ಲಾ,” ಎಂದ ಅವನು. ಹಾಳೆಯನ್ನು ಎರಡೂ ಕೈಯಿಂದ ನನಗೆ ಕೊಟ್ಟ.

ಅವನು ಹೋದ ಮೇಲೆ ಹಮೀದಾಕ ತಲೆ ಮೇಲೆ ಕೈ ಇಟ್ಟುಕೊಂಡರು. “ಎಂತ ಮಾಡಿದ್ರಿ ಮಾರಾಯ್ರೇ! ಫ್ಲಾಟಲ್ಲಿ ಎಷ್ಟು ಜನ ಅಂತ ಅವ ಪ್ರತಿ ತಿಂಗಳು ಕಟ್ಟಡದ ಮ್ಯಾನೇಜರಿಗೆ, ಆ ಮುದೀರ್‌ಗೆ ಬರೆದು ಕೊಡ್ಬೇಕು. ಬರೆಯದಿದ್ರೆ ಅವನ ಕೆಲಸ ಹೋಗ್ತದೆ.”

ಧೂಳು

ಮರುದಿನ ಮಧ್ಯಾಹ್ನ ಧೂಳು ಎದ್ದಿತು. ಕುವೈತಿನ ಧೂಳು ಬರುವುದು ಗಾಳಿಯ ಹಾಗಲ್ಲ, ಗೋಡೆಯ ಹಾಗೆ. ಎದುರಿನ ಏಸಿ ಪೆಟ್ಟಿಗೆಗಳೂ ಕಾಣದಾದವು. ಬೆಲ್ ಆಯಿತು. ಹಾರಿಸ್ ನಿಂತಿದ್ದ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಮಾವ್ಶಿಯ ಜೊತೆ ಅರಬ್ಬಿಯಲ್ಲಿ ಮಾತಾಡಿದ. ನನಗೆ ತಿಳಿದದ್ದು ನಾಲ್ಕು ಶಬ್ದ: ಇಕಾಮಾ, ಮುದೀರ್, ಬುಕ್ರಾ, ಖಲಾಸ್. ನಾಳೆ ಮುದೀರ್‌ನ ಜನ ಬಂದು ಫ್ಲಾಟ್ ನೋಡುತ್ತಾರೆ. ಅಷ್ಟರೊಳಗೆ ಅವಳು ಹೋಗಿರಬೇಕು. ಹೋಗುವಾಗ ಅವನು ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದ. ಅವನನ್ನು ಬಯ್ಯಲೂ ನಮಗೆ ದಾರಿ ಇರಲಿಲ್ಲ. ಹೇಳದೆಯೇ ಪೊಲೀಸರನ್ನು ಕರೆಯಬಹುದಿತ್ತು; ಒಂದು ದಿನ ಕೊಟ್ಟಿದ್ದ.

ಬಾಗಿಲು ಹಾಕಿ ಮಾವ್ಶಿ ನನ್ನ ಕಡೆ ತಿರುಗಿದಳು. “ಅವನಿಗೆ ಹೇಗೆ ಗೊತ್ತಾಯ್ತು?”

ಹೇಳಿದೆ. ಹೊಡೆಯುತ್ತಾಳೆ ಎಂದುಕೊಂಡೆ. ಅವಳು ಮುರಿಯದ ಕೈಯಿಂದ ಕುರ್ಚಿ ಹುಡುಕಿ ಕೂತಳು. “ಇಷ್ಟು ಓದಿ,” ಎಂದಳು. ವಾಕ್ಯ ಮುಗಿಸಲಿಲ್ಲ.

ಸಂಜೆ ಬಂದ ಲಿಯೆನ್‌ಗೆ ಮಾವ್ಶಿಯೇ ಹೇಳಿದಳು. ನಾನು ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಲಿಯೆನ್ ತಲೆಗೂದಲಿನ ಧೂಳು ಕೊಡವಿದಳು. ತನ್ನ ತಟ್ಟೆ, ಲೋಟ ತೊಳೆದಳು. ಸೀರೆಯ ಪರದೆ ಬಿಚ್ಚಿ ಅಂಚು ಸೇರಿಸಿ ಮಡಚಿ ಮಾವ್ಶಿಯ ಕೈಗೆ ಕೊಟ್ಟಳು. ಚಾಪೆ ಸುತ್ತಿದಳು. ಮಹಬೂಲಾ ಎಂಬ ಕಡೆ ತನ್ನ ಭಾಷೆಯ ಹೆಂಗಸೊಬ್ಬಳು ಇದ್ದಾಳಂತೆ, ಅಲ್ಲಿಗೆ ಹೋಗುತ್ತೇನೆ ಎಂದಳು. ಇರುವುದು ಖಂಡಿತವಾ ಎಂದರೆ ಗೊತ್ತಿಲ್ಲ ಎಂಬಂತೆ ಕೈ ಅಲ್ಲಾಡಿಸಿದಳು.

ನಾನು ವಿವರ ಪತ್ರ ತಂದು ಅವಳ ಮುಂದೆ ಹಿಡಿದೆ. “ಹರಿದು ಹಾಕು,” ಎಂದೆ.

ಅವಳು ಫೋಟೋ ನೋಡಿದಳು. “ನಿನ್ನ ಸರ್ಟಿಫಿಕೇಟಿಗೆ ಇದು ಬೇಕಲ್ವಾ?”

ಬೇಡ ಎನ್ನಬೇಕಾದ ಬಾಯಿ ತೆರೆಯಲಿಲ್ಲ. ಆ ಹೊತ್ತಿನಲ್ಲೂ, ದೇವರಾಣೆ, ಒಳಗೆ ಎಲ್ಲೋ ನನಗೆ ಅದು ಬೇಕಿತ್ತು. ಅದನ್ನು ಅವಳು ಕಂಡಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ನೋಟ್‌ಬುಕ್ಕಿನ ಒಳಗೆ ಇಟ್ಟಳು. “ನಾಳೆ ಈ ಅಡ್ರೆಸ್ಸಲ್ಲಿ ನಾನು ಇಲ್ಲ. ಪರವಾಗಿಲ್ಲ. ಇಟ್ಕೋ.”

ಮರುದಿನ ಬೆಳಿಗ್ಗೆ, ಧೂಳು ಇಳಿಯುವ ಮೊದಲೇ, ಒಂದು ಬ್ಯಾಗು ಹಿಡಿದು ಹೋದಳು. ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೆಂಪು ಧೂಳಿನಲ್ಲಿ ಮೂಡಿತ್ತು. ಹಾರಿಸ್ ಒಂಬತ್ತು ಗಂಟೆಗೆ ನೀರು ಹಾಕಿ ತೊಳೆದ.

ಮಹಬೂಲಾ

ನನ್ನ ವೀಸಾದ ಕೊನೆಯ ಶುಕ್ರವಾರ ಇಗರ್ಜಿಗೆ ಹೋದೆವು. ಗೋಡೆಯ ನೆರಳಿನಲ್ಲಿ ಮಧ್ಯಾಹ್ನದವರೆಗೆ ಕೂತೆವು. ಅವಳು ಬರಲಿಲ್ಲ. ಅಲ್ಲಿಂದಲೇ ಮಹಬೂಲಾದ ಬಸ್ ಹತ್ತಿದೆವು.

ಅಲ್ಲಿ ಸಮುದ್ರದ ಪಕ್ಕದಲ್ಲೇ ಎತ್ತರದ ಕಟ್ಟಡಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿವೆ. ಬಾಲ್ಕನಿಗಳಿಗೆ ಪ್ಲೈವುಡ್ ಹೊಡೆದು ಅದನ್ನೂ ಕೋಣೆ ಮಾಡಿದ್ದಾರೆ. ಒಂದೊಂದು ಬಾಗಿಲಿನ ಹೊರಗೆ ಇಪ್ಪತ್ತು ಜೋಡಿ ಚಪ್ಪಲಿ. ನಮ್ಮ ಊರಿನಲ್ಲಿ ಇಷ್ಟು ಚಪ್ಪಲಿ ಕಂಡರೆ ಮದುವೆಯೋ ಸಾವೋ ಎಂದು ಜನ ಒಳಗೆ ಇಣುಕುತ್ತಾರೆ. ಇಲ್ಲಿ ಯಾರೂ ಇಣುಕುವುದಿಲ್ಲ. ಮಾವ್ಶಿ ತನ್ನ ಅರಬ್ಬಿ, ಹಿಂದಿ, ಮಲಯಾಳ ಎಲ್ಲ ಸೇರಿಸಿ ಕೇಳಿದಳು. ವಿಯೆಟ್ನಾಂ ಎಂದಾಗ ಒಬ್ಬ ಎಡಕ್ಕೆ ತೋರಿಸಿದ, ಇನ್ನೊಬ್ಬ ಬಲಕ್ಕೆ. ಎಂಟು ಕಟ್ಟಡ ಹತ್ತಿ ಇಳಿದೆವು. ಒಂದು ಕಡೆ ಬಾಗಿಲು ತೆರೆದ ಹೆಂಗಸು ಲಿಯೆನ್‌ಳ ಹೆಸರು ಕೇಳಿದ ಕೂಡಲೇ ಬಾಗಿಲು ಹಾಕಿಕೊಂಡಳು. ಗೊತ್ತಿದ್ದು ಹಾಕಿದಳೋ, ಹೆಸರು ಹಿಡಿದು ಕೇಳಿಕೊಂಡು ಬರುವವರೆಂದರೆ ಭಯವೋ, ಹೇಗೆ ಹೇಳುವುದು? ನಾವು ಮತ್ತೆ ತಟ್ಟಲಿಲ್ಲ. ತಟ್ಟಿದಷ್ಟೂ ಅವಳನ್ನು ತೋರಿಸಿಕೊಟ್ಟ ಹಾಗೆ ಎಂದು ಅಷ್ಟರಲ್ಲಿ ನನಗೂ ಅರ್ಥವಾಗಿತ್ತು.

ಬಸ್ಸಿನಲ್ಲಿ ಮಾವ್ಶಿ ಕಿಟಕಿಯ ಹೊರಗೆ ನೋಡುತ್ತಿದ್ದಳು. “ಆ ರಾಜಕುಮಾರಿಗೆ ಕೊನೆಗೆ ಎಂತ ಆಯ್ತು?” ಎಂದು ಕೇಳಿದಳು.

ನನಗೆ ಗೊತ್ತಿತ್ತು, ಪುಸ್ತಕದಲ್ಲಿ ಇತ್ತು. ಸಮುದ್ರ ಅಡ್ಡ ಬಂದಾಗ ಆಮೆ ಎದ್ದು, ಶತ್ರು ನಿನ್ನ ಬೆನ್ನ ಹಿಂದೆಯೇ ಇದ್ದಾನೆ ಎಂದು ದೊರೆಗೆ ಹೇಳುತ್ತದೆ. ಅವನು ತಿರುಗಿ ಮಗಳನ್ನು ಕತ್ತರಿಸುತ್ತಾನೆ.

“ಲಿಯೆನ್ ಹೇಳಿ ಮುಗಿಸಲಿಲ್ಲ ಮಾವ್ಶಿ,” ಎಂದೆ.

ಊರು

ಕಿರುಪ್ರಬಂಧದಲ್ಲಿ ಆ ಕಥೆಯನ್ನು ನಾನು ಪುಸ್ತಕ ನೋಡಿ ತುಂಬಿಸಲಿಲ್ಲ. ಅವಳು ನಿಲ್ಲಿಸಿದಲ್ಲೇ ನಿಲ್ಲಿಸಿ, ಕೆಳಗೆ ‘ಇಲ್ಲಿಂದ ಮುಂದೆ ಹೇಳಲಿಲ್ಲ’ ಎಂದು ಬರೆದೆ. ವಿವರ ಪತ್ರ ಸಲ್ಲಿಸುವ ಕೊನೆಯ ದಿನ ಅದು ನನ್ನ ಚೀಲದಲ್ಲೇ ಇತ್ತು. ಅವಳು ಎಲ್ಲಿದ್ದಾಳೆಂದು ನನಗೇ ಗೊತ್ತಿಲ್ಲದ ಮೇಲೆ ಅವಳ ಮುಖ ಯಾವ ಆಫೀಸಿನ ಕಪಾಟಿನಲ್ಲೂ ಇರುವುದು ಬೇಡ ಎನಿಸಿತು. ಬಚ್ಚಲ ಒಲೆಗೆ ಹಾಕಿದೆ. ಇಷ್ಟನ್ನು ಸಾಲ್ಮಿಯಾದ ಅಡುಗೆಕೋಣೆಯಲ್ಲೇ ಮಾಡಬೇಕಿತ್ತು.

ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪ್ರೊಫೆಸರರು ಹಾಳೆ ತಿರುವಿ ತಿರುವಿ ನೋಡಿದರು. “ಹೇಳಿದವರ ಹೆಸರಿಲ್ಲ, ಊರಿಲ್ಲ, ಸಹಿಯಿಲ್ಲ. ನೀವೇ ಕೂತು ಹೆಣೆದದ್ದಲ್ಲ ಅಂತ ಹೇಗೆ ನಂಬುದು?”

“ಆಧಾರ ಇಲ್ಲ ಸರ್.”

“ಹಾಗಾದ್ರೆ?”

“ಹದಿನೆಂಟು ಮನುಷ್ಯರಲ್ಲ, ಹದಿನೆಂಟು ಸಲ ಅನ್ನುವ ಮಾತು ನನಗೆ ಹೊಳೆಯುವಂಥದ್ದಲ್ಲ ಸರ್. ನಾನು ಗೇರುಬೀಜ ಆರಿಸುತ್ತಿದ್ದವಳು. ಅದು ಗೊತ್ತಿದ್ದವರು ಹೇಳಿದ್ದು.”

ಅವರು ಕಿರುಪ್ರಬಂಧಕ್ಕೆ ಪಾಸಾಗುವಷ್ಟು ಅಂಕ ಕೊಟ್ಟರು, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಫಸ್ಟ್ ಕ್ಲಾಸ್ ಕೈತಪ್ಪಿತು. ಎಂ.ಎ. ಆಯಿತು.

ಪದವಿ ಪತ್ರ ಕೊಡುವ ದಿನಕ್ಕೆ ಮಾವ್ಶಿ ರಜೆಯಲ್ಲಿ ಊರಿಗೆ ಬಂದಿದ್ದಳು. ಮುದೀರ್‌ನ ಜನ ಅಂದು ಫ್ಲಾಟಿನಲ್ಲಿ ಏನೂ ಕಾಣದೆ ಹೋಗಿದ್ದರು. ಅವಳ ಕೆಲಸ ಉಳಿದಿತ್ತು. ಒಂದೂವರೆ ವರ್ಷದಿಂದ ಪ್ರತಿ ಶುಕ್ರವಾರ ಆ ಗೋಡೆಯ ಬಳಿ ಕೂತು ಬರುತ್ತಿದ್ದಳು; ಲಿಯೆನ್ ಬಂದಿರಲಿಲ್ಲ. ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿತ್ತು. ತಾಯಿ ಸಭಾಂಗಣದ ಗದ್ದಲಕ್ಕೆ ಹೆದರಿ ಹೊರಗೆ ಮರದ ಕೆಳಗೆ ಕೂತಳು. ಮಾವ್ಶಿ ಮಾತ್ರ ಒಳಗೆ ಬಂದು ಕೊನೆಯ ಸಾಲಿನಲ್ಲಿ ಕೂತಳು. ನನ್ನ ಹೆಸರು ಕರೆದರು. ಕಪ್ಪು ನಿಲುವಂಗಿಗೆ ಎಡವುತ್ತಾ ಹತ್ತಿದೆ, ತೆಗೆದುಕೊಂಡೆ, ಇಳಿದೆ. ನೇರ ಅವಳ ಹತ್ತಿರ ಹೋಗಿ ಅವಳ ಕೈಗೆ ಕೊಟ್ಟೆ.

ಅವಳು ಅಂಗೈ ಸೀರೆಗೆ ಒರೆಸಿಕೊಂಡು ಹಿಡಿದಳು. ನನ್ನ ಹೆಸರಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಮುಗಿಸಿ, ಅದರಿಂದ ಕಣ್ಣು ತೆಗೆಯದೆ ಕೇಳಿದಳು:

“ಲಿಯೆನ್‌ಗೆ ಯಾರು ಹೇಳುವುದು, ಜೆಸ್ಸಿ?”